ಅಂಧೇರಾ ಹೋಟೆಲಿನಲ್ಲಿ ಕಾಶೀರಾಮ

ಔರಾದ ಡಿಪೋದಲ್ಲಿ ಕಂಡಕ್ಟರ್ ಆಗಿದ್ದ ಕಾಶೀರಾಮ ಬೇರೆಯವರ ಎದುರು ಊಟ ಮಾಡುವುದನ್ನು ಬಿಟ್ಟು ಹಲವು ವರ್ಷಗಳಾಗಿದ್ದವು. ಮೊದಲು ಹಾಗಿರಲಿಲ್ಲ. ಮಧ್ಯಾಹ್ನದ ಬಸ್ಸು ಸಂತಪುರದಲ್ಲಿ ನಿಂತಾಗ ಡ್ರೈವರ್ ಜೊತೆ ಬೇವಿನ ಗಿಡದ ಕೆಳಗೆ ಕೂತು ಬುತ್ತಿ ಬಿಚ್ಚುತ್ತಿದ್ದರು. ಗುರುತಿನ ಪ್ರಯಾಣಿಕರು ಕಂಡರೆ ಕೂಗಿ ಕರೆದು ಕೈಯಲ್ಲೊಂದು ರೊಟ್ಟಿ ಇಡುತ್ತಿದ್ದರು. ತಂಬಾಕಿಗೆ ಸುಣ್ಣ ತಿಕ್ಕಿ ಎಡ ದವಡೆಯಲ್ಲಿ ಇಟ್ಟುಕೊಳ್ಳುವ ಚಟ ಮಾತ್ರ ಇತ್ತು. ಕ್ಯಾನ್ಸರ್ ಹುಣ್ಣಾದದ್ದೂ ಅಲ್ಲೇ.

ಹೈದರಾಬಾದಿನಲ್ಲಿ ಆಪರೇಶನ್ ಆಯಿತು. ದವಡೆಯ ಒಂದು ಭಾಗವನ್ನೇ ತೆಗೆದು, ಎದೆಯ ಚರ್ಮ ತಂದು ಕೆನ್ನೆಗೆ ಹೊಲಿದರು. ಜೀವ ಉಳಿಯಿತು. ಆದರೆ ಬಾಯಿ ಎರಡು ಬೆರಳು ಹೋಗುವಷ್ಟು ಮಾತ್ರ ತೆರೆಯುತ್ತಿತ್ತು, ತುಟಿಯ ಎಡ ಮೂಲೆ ಪೂರ್ತಿ ಮುಚ್ಚುತ್ತಿರಲಿಲ್ಲ. ಸೀಟಿ ಊದಲು ಬಾರದ ಕಂಡಕ್ಟರನಿಗೆ ಡಿಪೋದಲ್ಲೇ ಕೂತು ಮಾಡುವ ಕೆಲಸ ಕೊಟ್ಟರು. ನಿವೃತ್ತಿಯವರೆಗೂ ಅದನ್ನೇ ಮಾಡಿದರು.

ಮಾತು ತೊದಲಿದರೂ ಜನರಿಗೆ ತಿಳಿಯುತ್ತಿತ್ತು. ಕಷ್ಟವಿದ್ದದ್ದು ಊಟದ್ದು. ಕಲಸಿದ ಅನ್ನ ಒಂದಿಷ್ಟು ಒಳಗೆ ಹೋದರೆ ಒಂದಿಷ್ಟು ಹೊರಗೆ ಬರುತ್ತಿತ್ತು. ನೀರು ಗದ್ದದಿಂದ ಅಂಗಿಗೆ ಇಳಿಯುತ್ತಿತ್ತು. ಆ ಕಡೆ ಕೆನ್ನೆಗೆ ಸ್ಪರ್ಶವೇ ಇಲ್ಲದ್ದರಿಂದ ಅದು ಅವರಿಗೆ ಗೊತ್ತಾಗುತ್ತಿದ್ದದ್ದು ಎದುರಿಗಿದ್ದವರ ಮುಖ ನೋಡಿ. ಡಾಬಕಾದ ಒಂದು ಮದುವೆಯಲ್ಲಿ ಎದುರು ಕೂತಿದ್ದ ಹೆಂಗಸೊಬ್ಬಳು ತನ್ನ ತಾಟು ಎತ್ತಿಕೊಂಡು ಬೇರೆ ಸಾಲಿಗೆ ಹೋಗಿ ಕೂತಳು. ಕಾಶೀರಾಮ ಅರ್ಧ ಊಟ ಬಿಟ್ಟು ಎದ್ದರು.

ಆಮೇಲೆ ಮದುವೆ ಮುಂಜಿಗೆ ಹೋದರೂ ಹೂವು ಹಾಕಿ, ಹೊಟ್ಟೆ ಸರಿಯಿಲ್ಲವೆಂದು ಹೇಳಿ ಮೊದಲ ಬಸ್ಸಿಗೆ ತಿರುಗಿ ಬರುತ್ತಿದ್ದರು. ಹೆಂಡತಿ ಅಂಜನಾಬಾಯಿಯ ತವರು ಚಿಂತಾಕಿ. ಅಲ್ಲಿಯವರಿಗೆ ಇದು ಸೊಕ್ಕಾಗಿ ಕಂಡಿತು. ಮನೆಯಲ್ಲೂ ಅವರ ಊಟ ಒಳಕೋಣೆಯಲ್ಲಿ, ಬಾಗಿಲು ಮುಚ್ಚಿಕೊಂಡು, ಗೋಡೆಗೆ ಮುಖ ಮಾಡಿ. ಅಂಜನಾಬಾಯಿ ತಾಟು ಇಟ್ಟು ಹೊರಗೆ ಬರುತ್ತಿದ್ದಳು. ಅವರು ಉಂಡು ಕೈತೊಳೆದ ಮೇಲೆ ಒಲೆಯ ಹತ್ತಿರ ಒಬ್ಬಳೇ ಉಣ್ಣುತ್ತಿದ್ದಳು.

ಮಗಳು ಮಾಯಾ ಬೀದರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯ ಕೆಲಸದಲ್ಲಿದ್ದಳು. ಒಂದು ವರ್ಷ ಆ ಊರಲ್ಲಿ ಒಬ್ಬರು ಹೊಸ ಬಗೆಯ ಹೋಟೆಲ್ ತೆರೆದಿದ್ದರು. ಮೇಲಂತಸ್ತಿನ ಹಾಲಿನ ಕಿಟಕಿಗಳನ್ನೆಲ್ಲ ಮುಚ್ಚಿ, ಬಾಗಿಲಿಗೆ ಎರಡೆರಡು ದಪ್ಪ ಪರದೆ ಹಾಕಿ, ಹಗಲಲ್ಲೂ ಒಂದು ಕಿರಣ ಬೆಳಕಿಲ್ಲದಂತೆ ಮಾಡಿದ್ದರು. ಊಟ ಆ ಕತ್ತಲಲ್ಲೇ. ಬಡಿಸುವವರೆಲ್ಲ ಕಣ್ಣು ಕಾಣದವರು. ಅದಕ್ಕೆ ಇಂಗ್ಲಿಷಿನ ಒಂದು ಹೆಸರಿತ್ತು, ಜನ ಮಾತ್ರ ಅಂಧೇರಾ ಹೋಟೆಲ್ ಎನ್ನುತ್ತಿದ್ದರು. ಗೆಳತಿಯರ ಜೊತೆ ಒಮ್ಮೆ ಹೋಗಿ ಬಂದ ಮಾಯಾ ಮುಂದಿನ ಸಲ ಔರಾದಕ್ಕೆ ಬಂದಾಗ ವಿಷಯ ತೆಗೆದಳು.

"ಅಪ್ಪಾ, ಚೆಕಪ್‌ಗೆ ಬಂದಾಗ ಅಲ್ಲಿ ಊಟಕ್ಕ ಹೋಗೋಣು."

"ಹುಚ್ಚಿ ಇದ್ದಿ ಏನ? ಕತ್ತಲ್ದಾಗ ಕುಂತು ಯಾರ ಉಣ್ತಾರ?"

"ಅಲ್ಲಿ ಯಾರಿಗೂ ಯಾರೂ ಕಾಣಂಗಿಲ್ರಿ. ಎಲ್ಲಾರೂ ಚೆಲ್ಕೋತಾರ. ನಾ ನನ್ನ ಓಢಣಿಗಿ ಸಾರು ಚೆಲ್ಕೊಂಡು ಬಂದೀನಿ."

ಅಡುಗೆಮನೆಯಿಂದ ಅಂಜನಾಬಾಯಿ ಹೇಳಿದಳು: "ಅವರು ಬರದಿದ್ರ ಬ್ಯಾಡ ಬಿಡು. ನಾ ಬರ್ತೇನಿ. ನನಗೂ ಒಬ್ಬಾಕಿನೇ ಉಂಡು ಸಾಕಾಗ್ಯಾದ."

ಅವಳು ಅಷ್ಟು ವರ್ಷಗಳಲ್ಲಿ ಈ ಮಾತು ಆಡಿದ್ದು ಅದೇ ಮೊದಲು. ಕಾಶೀರಾಮ ಹೊರಗೆ ಹೋಗಿ ಬಹಳ ಹೊತ್ತು ಕಟ್ಟೆಯ ಮೇಲೆ ಕೂತರು. ಒಳಗೆ ಬಂದು, "ಫೋನ್ ಬೆಳಕು?" ಎಂದು ಕೇಳಿದರು. ಫೋನುಗಳನ್ನು ಹೊರಗೇ ಇಸಿದುಕೊಂಡು ಕಪಾಟಿನಲ್ಲಿ ಇಡುತ್ತಾರೆಂದು ಮಾಯಾ ಹೇಳಿದಳು.

ಹೋದದ್ದು ಒಂದು ಮಧ್ಯಾಹ್ನ. ಪರದೆಯ ಹತ್ತಿರ ಅವರನ್ನು ಒಳಗೆ ಕರೆದುಕೊಂಡು ಹೋಗಲು ಬಂದವನು ಭಾಲ್ಕಿಯ ಅಫ್ರೋಜ. ಚಿಕ್ಕಂದಿನಲ್ಲಿ ಜ್ವರ ಬಂದು ಕಣ್ಣು ಹೋಗಿದ್ದವು.

"ಚಾಚಾ, ನನ್ನ ಭುಜದ ಮ್ಯಾಲ ಕೈ ಇಡ್ರಿ. ನಿಮ್ಮ ಭುಜ ಅಮ್ಮಾರು ಹಿಡೀಲಿ. ಸಾವಕಾಶ ಬರ್ರಿ."

ಎರಡನೆಯ ಪರದೆ ದಾಟಿದ ಮೇಲೆ ಕಾಶೀರಾಮರಿಗೆ ಕಣ್ಣು ತೆರೆದಿದೆಯೋ ಮುಚ್ಚಿದೆಯೋ ತಿಳಿಯಲಿಲ್ಲ. ಅಂಜನಾಬಾಯಿ ಅವರ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಅಫ್ರೋಜ ಒಬ್ಬೊಬ್ಬರನ್ನೇ ಕುರ್ಚಿಯಲ್ಲಿ ಕೂಡಿಸಿ, ಅವರ ಕೈ ಹಿಡಿದು ತಾಟು, ನೀರಿನ ಲೋಟ ಎಲ್ಲಿವೆಯೆಂದು ಮುಟ್ಟಿಸಿ ತೋರಿಸಿದ. ಅದೇ ಮೇಜಿನ ಆಚೆ ಬದಿ ಮೊದಲೇ ಯಾರೋ ಕೂತಿದ್ದರು. ತನ್ನ ಹೆಸರು ಬಸವೇಶ್ವರಿ, ಭಾಲ್ಕಿಯಿಂದ ತಂಗಿಯ ಜೊತೆ ಬಂದಿದ್ದೇನೆ ಎಂದು ಒಂದು ಹೆಂಗಸಿನ ದನಿ ತಾನೇ ಹೇಳಿಕೊಂಡಿತು.

ಊಟ ಬಂತು. ಏನೆಂದು ಹೇಳುವ ಪದ್ಧತಿ ಅಲ್ಲಿರಲಿಲ್ಲ, ಉಂಡು ಗುರುತಿಸಬೇಕು. ಕಾಶೀರಾಮ ಮೊದಲು ಅನ್ನ ಮುಟ್ಟಿದರು. ಬೇಳೆ ಹಾಕಿ ಚೆನ್ನಾಗಿ ಕಲಸಿ ಸಣ್ಣ ತುತ್ತು ಬಾಯಿಗಿಟ್ಟರು. ತಾಟಿಗೆ ಏನೋ ಬಿದ್ದ ಸದ್ದಾಯಿತು. ಕೈ ತಟ್ಟನೆ ಗದ್ದಕ್ಕೆ ಹೋಯಿತು. ಅಷ್ಟರಲ್ಲಿ ಆಚೆ ಬದಿ ಲೋಟ ಉರುಳಿ ಬಸವೇಶ್ವರಿಯ ತಂಗಿ "ಅಯ್ಯ, ನೀರ!" ಎಂದು ಚೀರಿದಳು. ಪಕ್ಕದಲ್ಲಿ ಅಂಜನಾಬಾಯಿ ಹಪ್ಪಳ ಮುರಿಯುತ್ತಿದ್ದಳು. ಹೆಂಡತಿ ಉಣ್ಣುವ ಸದ್ದು ಅವರ ಕಿವಿಗೆ ಬಿದ್ದು ಬಹಳ ಕಾಲವಾಗಿತ್ತು. ಅವರು ಕೈ ಕೆಳಗಿಳಿಸಿ ಎರಡನೆಯ ತುತ್ತು ಕಲಸಿದರು.

"ಕಾಕಾ, ಈ ಹುಳಿ ಪಲ್ಯ ಯಾವದ್ರಿ?" ಬಸವೇಶ್ವರಿ ಕೇಳಿದಳು.

"ಪುಂಡಿಪಲ್ಯ."

"ಏನಂದ್ರಿ? ಮೊದಲ ತುತ್ತು ನುಂಗ್ರಿ, ಆಮ್ಯಾಲ ಹೇಳ್ರಿ. ಬಾಯಿ ತುಂಬ ಇಟ್ಕೊಂಡು ಮಾತಾಡಿದ್ರ ನನಗ ಹ್ಯಾಂಗ ತಿಳೀಬೇಕು?"

ಕಾಶೀರಾಮರ ಬಾಯಲ್ಲಿ ಆಗ ಏನೂ ಇರಲಿಲ್ಲ. ಮಾಯಾ ಉಸಿರು ಹಿಡಿದು ಕೂತಳು. ಅವಳ ತಂದೆ ನಕ್ಕುಬಿಟ್ಟರು. "ಪುಂಡಿಪಲ್ಯ ಅಂದೆ ತಂಗಿ," ಎಂದು ಬಿಡಿಸಿ ಹೇಳಿದರು. ಆಮೇಲೆ ಇಬ್ಬರಿಗೂ ಮಾತು ಬೆಳೆಯಿತು. ಭಾಲ್ಕಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಗಳು, ಔರಾದಕ್ಕೆ ರೈಲು ಯಾವಾಗ ಬರುತ್ತದೆ ಅನ್ನುವುದು, ಎಲ್ಲ ಬಂದು ಹೋದವು. ಅವರು ಪುಂಡಿಪಲ್ಯವನ್ನು ಮತ್ತೆ ಕೇಳಿ ಹಾಕಿಸಿಕೊಂಡರು.

ಆಗ ಫೋನ್ ಬಡಿಯಿತು. ಬಸವೇಶ್ವರಿಯ ತಾಯಿಗೆ ಜ್ವರವಿತ್ತು. ಮನೆಯಿಂದ ಕರೆ ಬಂದರೆ ಎಂದು ಅವಳು ಒಂದು ಫೋನ್ ಕೊಟ್ಟು ಇನ್ನೊಂದನ್ನು ಚೀಲದಲ್ಲೇ ಇಟ್ಟುಕೊಂಡು ಬಂದಿದ್ದಳು. ಗಾಬರಿಯಲ್ಲಿ ಹೊರತೆಗೆಯುವಾಗ ಎಲ್ಲೋ ಒತ್ತಿ ಅದರ ಟಾರ್ಚ್ ಹತ್ತಿತು. ಬೆಳಕು ನೇರವಾಗಿ ಕಾಶೀರಾಮರ ಮುಖದ ಮೇಲೆ ಬಿತ್ತು. ಹೊಲಿಗೆಯ ಕೆನ್ನೆ, ತೆರೆದೇ ಇದ್ದ ತುಟಿಯ ಮೂಲೆ, ಗದ್ದದಿಂದ ಇಳಿಯುತ್ತಿದ್ದ ಬೇಳೆ, ಎಲ್ಲ ಕಂಡವು. ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

"ಯಾರ್ರೀ ಅದು? ಬಂದ್ ಮಾಡ್ರಿ!" ಬೇರೆ ಮೇಜಿನವರು ಕೂಗಿದರು. ಸದ್ದು ಕೇಳಿ ಅಫ್ರೋಜ ಬಂದ. ಬೆಳಕು ಆರಿತು. ಕರೆ ಮನೆಯದಾಗಿರಲಿಲ್ಲ.

ಕಾಶೀರಾಮ ಕುರ್ಚಿ ಹಿಂದೆ ಸರಿಸಿದ್ದು ಅಂಜನಾಬಾಯಿಗೆ ಕೇಳಿಸಿತು. ಅವಳು ಕತ್ತಲಲ್ಲಿ ತಡಕಿ ಅವರ ಮೊಣಕೈ ಹಿಡಿದಳು. ಎದುರಿನಿಂದ ಬಸವೇಶ್ವರಿಯ ಮಾತು ಬಂತು:

"ಕಾಕಾ, ತಪ್ಪಾತ್ರಿ."

ಅವರು ಅಂಗಿಯ ತೋಳಿನಿಂದ ಗದ್ದ ಒರೆಸಿಕೊಂಡರು.

"ನಿಮಗ ಬಾಯಿ ನೋಯ್ತದೇನ್ರಿ, ಉಣ್ಣೂವಾಗ?"

ಅಷ್ಟು ವರ್ಷಗಳಲ್ಲಿ ಇದನ್ನು ಡಾಕ್ಟರ್ ಬಿಟ್ಟು ಬೇರೆ ಯಾರೂ ಅವರನ್ನು ಕೇಳಿರಲಿಲ್ಲ.

"ನೋಯಂಗಿಲ್ಲ," ಎಂದರು. "ಖಾರ ಆದ್ರ ಉರೀತದ."

"ಹಂಗಿದ್ರ ಆ ಬದನಿಕಾಯಿ ಉಣಬ್ಯಾಡ್ರಿ, ಭಾಳ ಖಾರ ಅದ. ಈ ಕಡಿ ಸರಸ್ರಿ, ನಾ ಉಣ್ತೇನಿ."

ಕಾಶೀರಾಮ ಬಟ್ಟಲನ್ನು ತಡಕಿ ಆಚೆಗೆ ಸರಿಸಿದರು. ಅವಳ ಬೆರಳು ತಗುಲಿದ ಮೇಲೆ ಬಿಟ್ಟರು. ಕುರ್ಚಿಯನ್ನು ಮೊದಲಿನ ಜಾಗಕ್ಕೆ ಎಳೆದುಕೊಂಡು ಮಿಕ್ಕ ಅನ್ನ ಉಂಡರು. ಈಗ ಎದುರಿನವಳು ತನ್ನನ್ನು ನೋಡಿದ್ದಾಳೆ ಎಂದು ಅವರಿಗೆ ಗೊತ್ತಿತ್ತು. ಆದರೂ ಉಂಡರು.

ಔರಾದಕ್ಕೆ ಬಂದ ಮೇಲೆ ಏನೂ ಬದಲಾಗಲಿಲ್ಲ. ಮರುದಿನವೂ ಅವರು ಒಳಕೋಣೆಗೇ ಹೋದರು. ಅಂಜನಾಬಾಯಿ ತಾಟು ಇಟ್ಟು ಹೊರಗೆ ಬಂದಳು. ಹೋಗಿದ್ದೇ ತಪ್ಪಾಯಿತೇನೋ ಎಂದು ಮಾಯಾ ಫೋನಿನಲ್ಲಿ ಅತ್ತಳು. ಮಳೆಗಾಲ ಕಳೆಯಿತು. ಒಂದು ಮಧ್ಯಾಹ್ನ ಕಾಶೀರಾಮ ತಾಟು ಎತ್ತಿಕೊಂಡು ಒಲೆಯ ಹತ್ತಿರ ಬಂದು, ಹೆಂಡತಿಗೆ ಎದುರಾಗಿ ಮಣೆ ಹಾಕಿ ಕೂತರು. ಹೊರಗೆ ಬಿಸಿಲಿತ್ತು, ಅಡುಗೆಮನೆಯಲ್ಲಿ ಎಲ್ಲವೂ ನಿಚ್ಚಳವಾಗಿ ಕಾಣುತ್ತಿತ್ತು. ಅಂಜನಾಬಾಯಿ ತನಗೂ ಬಡಿಸಿಕೊಂಡಳು.

"ಗದ್ದಕ್ಕ ಹತ್ಯಾದ ನೋಡ್ರಿ," ಎಂದಳು ಒಮ್ಮೆ. ಅವರು ಒರೆಸಿಕೊಂಡರು.

ಬೀದರದ ಆ ಹೋಟೆಲ್ ಹೆಚ್ಚು ಕಾಲ ನಡೆಯಲಿಲ್ಲ. ಮೋಜಿಗೆ ಒಮ್ಮೆ ಬಂದವರು ಮತ್ತೆ ಬರಲಿಲ್ಲ. ಅಫ್ರೋಜನಿಗೆ ಹೈದರಾಬಾದಿನಲ್ಲಿ ಬೇರೆ ಕೆಲಸ ಸಿಕ್ಕಿತೆಂದು ಮಾಯಾ ಹೇಳಿದಳು.

ಈ ವರ್ಷ ಚಿಂತಾಕಿಯಲ್ಲಿ ಅಂಜನಾಬಾಯಿಯ ತಮ್ಮನ ಹೊಸ ಮನೆಯ ಊಟವಿತ್ತು. ಕಾಶೀರಾಮ ಭುಜದ ಮೇಲೆ ಒಂದು ಟವೆಲ್ ಹಾಕಿಕೊಂಡು ಪಂಗತಿಯ ಕೊನೆಯಲ್ಲಿ ಕೂತರು. ಕೆಲವರು ನೋಡಿದರು, ಕೆಲವರು ನೋಡಿ ಮುಖ ತಿರುಗಿಸಿದರು. ಅವರು ತಲೆ ಎತ್ತದೆ ಉಂಡರು. ಉಳಿದವರೆಲ್ಲ ಎದ್ದು ಕೈತೊಳೆದರೂ ಅವರ ಊಟ ಮುಗಿದಿರಲಿಲ್ಲ. ಮುಂದಿನ ಪಂಗತಿಯವರು ನಿಂತು ಕಾಯಬೇಕಾಯಿತು. ಹಿಂದೆ ಸೊಕ್ಕಿನ ಮನುಷ್ಯ ಎನ್ನುತ್ತಿದ್ದ ಚಿಂತಾಕಿಯ ನೆಂಟರು ಈಗ, ಕಾಶೀರಾಮ ಊಟಕ್ಕೆ ಕೂತರೆ ಬೇಗ ಏಳುವುದಿಲ್ಲ ಎಂದು ದೂರುತ್ತಾರೆ.