ಐದಕ್ಕೆ ತಾನೇ ಆರಿ ಹೊತ್ತುವ ಮಷೀನು

ಗಂಡನ ಹೆಸರನ್ನು ಬಾಯಿಂದ ಹೇಳಬಾರದೆಂದು ಗುರುಗುಂಟಾದ ನಮ್ಮವ್ವ ಕಲಿಸಿ ಕಳಿಸಿದ್ದಾಳೆ. ಬರೆಯಬಾರದೆಂದು ಹೇಳಿಲ್ಲ. ಅದಕ್ಕೇ ಈ ನೋಟ್‌ಬುಕ್ಕಿನಲ್ಲಿ ಧೈರ್ಯವಾಗಿ ಬರೆಯುತ್ತೇನೆ: ಕನಕರಾಯ. ವಯಸ್ಸು ಮೂವತ್ತು, ಊರು ಮಸ್ಕಿ. ಸಿಂಧನೂರಿನಲ್ಲಿ ಕಂಪ್ಯೂಟರ್ ಕಲಿಸುತ್ತಾರೆ. ಬುದ್ಧಿವಂತರು, ಕೈ ಕೆಲಸ ಬಲ್ಲವರು, ಮಗಳ ಲಂಗೋಟಿ ಒಗೆಯಲು ನಾಚದವರು. ಒಂದೇ ಒಂದು ಐಬು. ಯಾರು ಏನು ಕೇಳಿದರೂ ‘ಇಲ್ಲ’ ಅನ್ನಲು ಬಾರದು.

ಈ ಐಬು ಹಳೆಯದು. ಪಿಯುಸಿ ಮುಗಿಸಿದ ಮೇಲೆ ಎರಡು ವರ್ಷ ಗೊರೇಬಾಳದ ಕಡೆ ಉಪಕಾಲುವೆಯೊಂದರಲ್ಲಿ ಲಸ್ಕರ್ ಆಗಿದ್ದರು. ನೀರಿನ ಪಾಳಿ ಬಂದಾಗ ಗೇಟು ಎತ್ತಬೇಕು, ಪಾಳಿ ಮುಗಿದಾಗ ಇಳಿಸಬೇಕು, ಅಷ್ಟೇ ಕೆಲಸ. ಎತ್ತುವುದರಲ್ಲಿ ಇವರಷ್ಟು ಚುರುಕಿನವರು ಇಡೀ ಕಾಲುವೆಯ ಮೇಲೆ ಇರಲಿಲ್ಲವಂತೆ. ಇಳಿಸುವಾಗ ಮಾತ್ರ ಯಾರಾದರೊಬ್ಬ ರೈತ ಬಂದು, “ಕನಕಣ್ಣ, ಎರಡ ಮಡಿ ಉಳದಾವ, ನಿನ್ನ ಕಾಲ ಬೀಳ್ತೀನಿ” ಅನ್ನುತ್ತಿದ್ದ. ಇವರು ಗೇಟು ಇಳಿಸದೆ ದಂಡೆಯ ಮೇಲೆ ಕೂತುಬಿಡುತ್ತಿದ್ದರು. ಕೆಳಗಿನ ಹೊಲದವರು ಬಡಿಗೆ ಹಿಡಿದು ಬಂದರೆ ಅವರಿಗೂ ಹೂಂ ಅನ್ನುತ್ತಿದ್ದರು. ಕೊನೆಗೆ ಮೇಲಿನ ಸಾಹೇಬರು ಬಂದು, “ಏನಪಾ, ಗೇಟು ನಿನ್ನ ಕೈಯಾಗ ಐತೋ, ನೀನೇ ಗೇಟಿನ ಕೈಯಾಗ ಅದೀಯೋ?” ಎಂದು ಕೇಳಿ ಮನೆಗೆ ಕಳಿಸಿದರು. ಈ ಕಥೆಯನ್ನು ಇವರು ಪ್ರತಿ ಹೊಸ ಬ್ಯಾಚಿನ ಮುಂದೆ ತಾವೇ ಹೇಳಿ, ತಾವೇ ಎಲ್ಲರಿಗಿಂತ ಮೊದಲು ನಗುತ್ತಾರೆ.

ಆಮೇಲೆ ರಾಯಚೂರಿನಲ್ಲಿ ಕೋರ್ಸು ಮಾಡಿದರು. ಲಗ್ನವಾಯಿತು. ತೊಂಬತ್ತೆಂಟರಲ್ಲಿ ಮುಂದಿನ ಕೋಣೆಯಲ್ಲಿ ನಾಲ್ಕು ಕಂಪ್ಯೂಟರ್ ಇಟ್ಟರು. ಹಿಂದಿನ ಎರಡು ಕೋಣೆ ನಮ್ಮ ಸಂಸಾರಕ್ಕೆ. ನಡುವೆ ಒಂದು ಪರದೆ. ಪರದೆಯ ಈಚೆ ನಾನು ಮಗಳು ಅಮರಿಯನ್ನು ಮಲಗಿಸುತ್ತೇನೆ, ಆಚೆ ಇವರು ಊರಿನ ದೊಡ್ಡ ಮಕ್ಕಳನ್ನು ಆಡಿಸುತ್ತಾರೆ.

ದೊಡ್ಡ ಮಕ್ಕಳೆಂದರೆ ಗೊಬ್ಬರದ ಅಂಗಡಿಯ ಬಾಲಪ್ಪ, ಬೆಳಗಿನ ಹೈಸ್ಕೂಲು ಮುಗಿಸಿ ಬರುವ ವಿರೂಪಾಕ್ಷಪ್ಪ ಮಾಸ್ತರು, ಮತ್ತೆ ಅವರ ಹಿಂದೆ ಬರುವ ಇಬ್ಬರೋ ಮೂವರೋ. ಹೋದ ವರ್ಷ ಇವರು ನಾಲ್ಕೂ ಮಷೀನುಗಳಿಗೆ ವೈರು ಎಳೆದು, ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಗುಂಡು ಹೊಡೆಯುವ ಆಟವೊಂದನ್ನು ಹಾಕಿದರು. ಮೂಲೆಯ ದೊಡ್ಡ ಮಷೀನು ಆಟ ನಡೆಸುವ ಯಜಮಾನ, ಇವರ ಬಾಯಲ್ಲಿ ಅದು ಸರ್ವರ್. ಶಾಲೆಯಲ್ಲಿ ಹುಡುಗರು ಪಿಸುಗುಟ್ಟಿದರೆ ಬೆತ್ತ ತೆಗೆಯುವ ಮಾಸ್ತರು ಇಲ್ಲಿ, “ಬಾಲ್ಯಾ, ಗ್ವಾಡಿ ಹಿಂದ ಅದಾನಲೇ, ಹೊಡೀ ಹೊಡೀ!” ಎಂದು ಕಿರುಚುತ್ತಿದ್ದರು. ಮಲಗಿದ ಅಮರಿ ಬೆಚ್ಚಿ ಎದ್ದು ಕೂತು, ಯಾರನ್ನು ಹೊಡೆಯಬೇಕೆಂದು ಸುತ್ತ ನೋಡುತ್ತಿದ್ದಳು.

ತೊಂದರೆ ಏನೆಂದರೆ, ಮಧ್ಯಾಹ್ನ ಎರಡರಿಂದ ಆಡಿ ಆಡಿ ಸಂಜೆಯ ಹೊತ್ತಿಗೆ ಆ ದೊಡ್ಡ ಮಷೀನು ಉಂಡ ಹೋರಿಯಂತೆ ಆಗುತ್ತಿತ್ತು. ಒತ್ತಿದರೆ ಏಳದು, ಎಳೆದರೆ ಬಾರದು. ಐದಕ್ಕೆ ಒಮ್ಮೆ ಆರಿಸಿ ಹೊತ್ತಿಸಿದರೆ ಚೆನ್ನಾಗಿ ಓಡುತ್ತಿತ್ತು. ಹಾಗೆಯೇ ಬಿಟ್ಟರೆ ಆರರ ಹೊತ್ತಿಗೆ ಸತ್ತು ನಿಲ್ಲುತ್ತಿತ್ತು. ಐದರ ಮೇಲೆ ಹೆಣ್ಣುಮಕ್ಕಳ ಬ್ಯಾಚು. ಪ್ರಿಂಟರೂ ಫ್ಲಾಪಿಯೂ ಇದ್ದದ್ದು ಆ ಒಂದು ಮಷೀನಿಗೇ.

ಐದಕ್ಕೆ ಗುಂಡಿ ಒತ್ತಲು ಇವರು ಬೆರಳು ಮುಂದೆ ಮಾಡುತ್ತಿದ್ದರು. “ಕನಕಣ್ಣ, ಇದೊಂದ ಆಟ” ಎಂದು ಬಾಲಪ್ಪ ಅನ್ನುತ್ತಿದ್ದ. ಬೆರಳು ಹಿಂದೆ ಬರುತ್ತಿತ್ತು. ನನಗೆ ಗೊರೇಬಾಳದ ಗೇಟು ಕಣ್ಣಿಗೆ ಕಟ್ಟುತ್ತಿತ್ತು.

ಒಂದು ಭಾನುವಾರ ಇಡೀ ಹಗಲು ಕೂತು ಇವರು ಒಂದು ಉಪಾಯ ಮಾಡಿದರು. ಇಷ್ಟು ಹೊತ್ತಿಗೆ ಇಂಥ ಕೆಲಸ ಮಾಡು ಎಂದು ಬರೆದಿಟ್ಟರೆ ಕಂಪ್ಯೂಟರ್ ತಾನೇ ದಿನವೂ ಮಾಡುತ್ತದಂತೆ. ಸಂಜೆ ಐದು ಹೊಡೆದ ಕೂಡಲೇ ತನ್ನಷ್ಟಕ್ಕೆ ತಾನೇ ಆರಿ, ತಾನೇ ಹೊತ್ತಿಕೊಳ್ಳಬೇಕೆಂದು ಬರೆದಿಟ್ಟರು. ಯಾರನ್ನೂ ಕೇಳುವ ಮಾತಿಲ್ಲ.

“ನೀವು ಅನ್ನಲಾರದ ಮಾತು ಅದರ ಕಡೆಯಿಂದ ಅನ್ನಸಾಕತ್ತೀರಿ” ಎಂದೆ.

“ಅದಕ್ಕ ಮುಖಾನ ಇಲ್ಲಲ್ಲ, ದಾಕ್ಷಿಣ್ಯ ಎಲ್ಲಿಂದ ಬರ್ತೈತಿ?” ಎಂದು ಹೆಮ್ಮೆಪಟ್ಟರು.

ಸೋಮವಾರ ಐದಕ್ಕೆ ಸರಿಯಾಗಿ ಪರದೆಯ ಆಚೆಯಿಂದ ಬಾಲಪ್ಪನ ಆರ್ತನಾದ ಕೇಳಿತು. ಇಣುಕಿ ನೋಡಿದೆ. ನಮ್ಮ ಮನೆಯವರು ಎರಡೂ ಕೈ ಚೆಲ್ಲಿ, “ನಾ ಏನ ಮಾಡ್ಲಿ ಬಾಲಣ್ಣ? ಮಷೀನ ಯಾರ ಮಾತೂ ಕೇಳಂಗಿಲ್ಲ” ಅನ್ನುತ್ತಿದ್ದರು. ಮಗಳು ಹುಟ್ಟಿದ ದಿನವೂ ಅವರ ಮುಖ ಅಷ್ಟು ಅರಳಿರಲಿಲ್ಲ.

ಹೀಗೆ ಹನ್ನೆರಡು ದಿನ ನಡೆಯಿತು. ಆ ದಿನಗಳಲ್ಲಿ ಐದು ದಾಟಿದ ಕೂಡಲೇ ದೊಡ್ಡ ಮಷೀನಿನ ಮುಂದೆ ಕೂರುತ್ತಿದ್ದವಳು ಗುಲ್ಷನ್‌ಬೀ. ಮಸ್ಕಿಯಿಂದ ಬಸ್ಸಿಗೆ ಬರುತ್ತಿದ್ದಳು. ಅಲ್ಲಿಯ ಹತ್ತಿ ಮಿಲ್ಲೊಂದರ ಆಫೀಸಿನಲ್ಲಿ ಕಂಪ್ಯೂಟರ್ ಬಲ್ಲವರು ಬೇಕಾಗಿದ್ದರು. ಸರ್ಟಿಫಿಕೇಟ್ ಇದ್ದರೆ ಕೆಲಸ ಅವಳಿಗೇ ಎಂದು ಮಾತಾಗಿತ್ತು. ಸರ್ಟಿಫಿಕೇಟ್ ಬರಬೇಕಾದರೆ ಪತ್ರ, ಕೋಷ್ಟಕ ಎಲ್ಲ ಸೇರಿ ಇಪ್ಪತ್ತು ಪುಟ ಟೈಪು ಮಾಡಿ, ಫ್ಲಾಪಿಗೆ ಹಾಕಿ, ಶುಕ್ರವಾರದೊಳಗೆ ಕೊಡಬೇಕು. ಶನಿವಾರ ಇವರು ಎಲ್ಲರ ಫ್ಲಾಪಿಗಳನ್ನು ರಾಯಚೂರಿಗೆ ಒಯ್ಯುವವರಿದ್ದರು. ಮುಂದಿನ ಪರೀಕ್ಷೆ ಇದ್ದದ್ದು ಆರು ತಿಂಗಳ ಮೇಲೆ. ಮಿಲ್ಲಿನವರು ಅಲ್ಲಿಯವರೆಗೆ ಕಾಯುವವರಲ್ಲ.

ಆ ವಾರದ ಬುಧವಾರ ಐದಕ್ಕೆ ಹತ್ತು ನಿಮಿಷವಿತ್ತು. ಮಾಸ್ತರನ್ನು ಮೊದಲ ಸಲ ಸೋಲಿಸುವ ಹಂತಕ್ಕೆ ಬಾಲಪ್ಪ ಬಂದಿದ್ದ. “ಕನಕಣ್ಣ, ಇವತ್ತೊಂದ ದಿನ ಅದರ ಬಾಯಿ ಮುಚ್ಚಸು. ನನ್ನ ಜನ್ಮದಾಗ ಮತ್ತ ಇಂಥಾ ಚಾನ್ಸ್ ಬರಂಗಿಲ್ಲ” ಎಂದ.

ನಮ್ಮ ಮನೆಯವರು ಆ ಕಡೆ ಈ ಕಡೆ ನೋಡಿ, ಕಂಪ್ಯೂಟರಿನ ಗಡಿಯಾರವನ್ನೇ ಒಂದು ತಾಸು ಹಿಂದೆ ತಿರುಗಿಸಿದರು! ಮಷೀನಿನ ಲೆಕ್ಕದಲ್ಲಿ ಆಗಿನ್ನೂ ನಾಲ್ಕು ಸಹ ಆಗಿರಲಿಲ್ಲ. ಬಾಲಪ್ಪ ಗೆದ್ದ. ಐದೂ ಹತ್ತಕ್ಕೆ ಇವರು ಕೈಯಿಂದ ಆರಿಸಿ ಹೊತ್ತಿಸಿ, ಗುಲ್ಷನ್‌ಬೀಗೆ ಕುರ್ಚಿ ಬಿಟ್ಟುಕೊಟ್ಟರು. ಗಡಿಯಾರ ಮುಂದೆ ತಿರುಗಿಸುವುದನ್ನು ಮರೆತರು.

ನಿಜವಾದ ಆರು ಗಂಟೆಗೆ ಮಷೀನಿನ ಐದು ಹೊಡೆಯಿತು. ಗುಲ್ಷನ್‌ಬೀ ದೊಡ್ಡ ಕೋಷ್ಟಕವೊಂದರ ಕೊನೆಯ ಸಾಲಿನಲ್ಲಿದ್ದಳು. ಫ್ಲಾಪಿ ನಿಧಾನ, ಎಲ್ಲ ಮುಗಿಸಿ ಒಮ್ಮೆಲೇ ಹಾಕಿದರಾಯಿತು ಎಂದುಕೊಂಡಿದ್ದಳು. ಕಣ್ಣೆದುರೇ ನಾಲ್ಕು ಪುಟ ಕಪ್ಪಾಗಿ ಹೋದವು.

ಪರದೆಯ ಆಚೆ ಟೈಪಿನ ಸದ್ದು ಥಟ್ಟನೆ ನಿಂತಿತು. ಅಮರಿಯನ್ನು ಕಂಕುಳಲ್ಲಿ ಎತ್ತಿಕೊಂಡು ಹೊರಗೆ ಬಂದೆ.

“ಸರ್, ಇದು ಐದಕ್ಕ ಆರ್ತೈತಿ ಅಂದಿದ್ರಿ. ಈಗ ಆರಾಗೈತ್ರಿ” ಎಂದಳು ಗುಲ್ಷನ್‌ಬೀ.

“ಕರೆಂಟ್ ಏನರ ಹೆಚ್ಚುಕಡಿಮಿ…” ಎಂದು ಇವರು ಶುರುಮಾಡಿದರು. ನಾನು ಮಷೀನಿನ ಮೂಲೆಯ ಗಡಿಯಾರ ನೋಡಿದೆ, ಗೋಡೆಯ ಗಡಿಯಾರ ನೋಡಿದೆ, ಆಮೇಲೆ ಇವರ ಮುಖ ನೋಡಿದೆ. ಇವರು ಎಲ್ಲವನ್ನೂ ಒಪ್ಪಿಕೊಂಡರು.

ಗುಲ್ಷನ್‌ಬೀ ಅಳಲಿಲ್ಲ. ಬುರ್ಖಾ ಸರಿಮಾಡಿಕೊಳ್ಳುತ್ತ ಹೇಳಿದಳು: “ಕಾಲುವಿ ಕಟ್ಟಕಡೀ ಹೊಲ ನಮ್ದು ಸರ್. ನೀವು ಆ ಗೇಟಿನ ಕಥಿ ಹೇಳಿದಾಗ ಎಲ್ಲಾರೂ ನಕ್ಕರು. ನಾ ನಕ್ಕಿರಲಿಲ್ರಿ. ಮ್ಯಾಲಿನವರಿಗೆ ನೀವು ಹೂಂ ಅಂದಾಗೆಲ್ಲ ನಮ್ಮಂಥವರಿಗೆ ಇಲ್ಲ ಅಂದಂಗ ಆಗ್ತೈತ್ರಿ.”

ಅಷ್ಟು ಹೇಳಿ ಬಸ್ಸಿಗೆ ಹೋದಳು. ಇವರು ಕುರ್ಚಿಯಲ್ಲಿ ಕೂತೇ ಇದ್ದರು. ನಾನು ಆ ಹೊತ್ತಿನಲ್ಲಿ ಚೇಷ್ಟೆ ಮಾಡಲಿಲ್ಲ. ಗಡಿಯಾರ ಸರಿಮಾಡಿಸಿದೆ, ರೊಟ್ಟಿ ಬಡಿಸಿದೆ.

ಗುರುವಾರ ಬೆಳಿಗ್ಗೆ ತಾಲೀಮು ಮಾಡಿಸಿದೆ. “ನಾ ಬಾಲಪ್ಪ ಅಂತ ತಿಳ್ಕೋರಿ. ಕನಕಣ್ಣ, ಇದೊಂದ ಆಟ!”

ಇವರು ಎದೆ ಸೆಟೆಸಿ, ಕೆಮ್ಮಿ, “ನೋಡ್ ಬಾಲಣ್ಣ…” ಎಂದರು. ನಾನು ಮುಖ ಸಣ್ಣದು ಮಾಡಿದೆ. “ಹೋಗ್ಲಿ ಬಿಡು, ಒಂದಽ ಆಟ” ಅಂದರು!

“ಹೆಂಡ್ತಿ ಬಾಲಪ್ಪಗಽ ಸೋತ್ರಿ, ಖರೇ ಬಾಲಪ್ಪನ ಮುಂದ ಏನ ನಿಂತೀರಿ?”

“ನಿನ್ನ ಮುಖ ಬಾಳ ಬಾಡಿತ್ತು” ಎಂದು ನನ್ನ ಮೇಲೆಯೇ ಹಾಕಿದರು.

ಮಧ್ಯಾಹ್ನವಿಡೀ ಇವರು ಏನೋ ಯೋಚಿಸುತ್ತ ಓಡಾಡಿದರು. ಐದಕ್ಕೆ ಹದಿನೈದು ನಿಮಿಷವಿದ್ದಾಗ ಪರದೆಯ ಆಚೆ ಇವರ ದನಿ ಕೇಳಿತು: “ಏಳ್ರಿ ಬಾಲಣ್ಣ, ಮಾಸ್ತರ, ಎಲ್ಲಾರೂ ಏಳ್ರಿ. ಎದುರಿನ ಹೋಟೆಲ್‌ನಾಗ ಬಿಸಿ ಮಿರ್ಚಿ ಕರ್ಯಾಕತ್ತಾರ. ಮಂಡಕ್ಕಿ ಒಗ್ಗರಣಿ ಹೇಳಿ ಬಂದೀನಿ. ಆರಿದ ಮ್ಯಾಲ ತಿಂದರ ಏನ ಸ್ವಾರಸ್ಯ?”

“ಆಟ ನಡದೈತಲ್ಲೋ ಕನಕಣ್ಣ!”

“ಆಟ ಎಲ್ಲಿ ಹೋಗ್ತೈತಿ? ಮಿರ್ಚಿ ಹೋಗ್ತೈತಿ!”

ಹೊರಗೆ ಕುರ್ಚಿಗಳು ಸರಿದ ಸದ್ದು. ಮಾಸ್ತರು ಎಲ್ಲರಿಗಿಂತ ಮುಂದೆ ಹೋದದ್ದನ್ನು ಕಿಟಕಿಯಿಂದ ಕಂಡೆ. ಇಲ್ಲ ಅನ್ನಲು ಬಾರದವರು ಇವರೊಬ್ಬರೇ ಅಲ್ಲ ಎಂದು ಅಂದೇ ತಿಳಿಯಿತು.

ಐದು ಹೊಡೆಯಿತು. ಖಾಲಿ ಕೋಣೆಯಲ್ಲಿ ಮಷೀನು ಆರಿತು, ಹೊತ್ತಿತು. ಎಲ್ಲರೂ ಕೈ ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ ಗುಲ್ಷನ್‌ಬೀ ಕೂತು ಟೈಪು ಮಾಡುತ್ತಿದ್ದಳು. ಬಾಲಪ್ಪ ಒಂದು ಗಳಿಗೆ ಬಾಗಿಲಲ್ಲಿ ನಿಂತ. ಗೆಳೆಯನ ಮುಂದೆ ಆಡಿದ ಜಬರ್ದಸ್ತಿಯನ್ನು ಹೆಣ್ಣುಮಗಳ ಮುಂದೆ ಆಡಲಾರದೆ, “ನಾಳಿ ಬರ್ತೀನಿ” ಎಂದು ಅಂಗಡಿಯ ದಾರಿ ಹಿಡಿದ.

ಶುಕ್ರವಾರವೂ ಹಾಗೆಯೇ ಆಯಿತು. ಗುಲ್ಷನ್‌ಬೀ ಪುಟಕ್ಕೊಮ್ಮೆ ಫ್ಲಾಪಿಗೆ ಹಾಕುತ್ತ, ನಡುನಡುವೆ ಮೂಲೆಯ ಗಡಿಯಾರವನ್ನು ಕಳ್ಳನನ್ನು ನೋಡಿದಂತೆ ನೋಡುತ್ತ, ಆರೂವರೆಗೆ ಇಪ್ಪತ್ತನೆಯ ಪುಟ ಮುಗಿಸಿದಳು. ಫ್ಲಾಪಿಯನ್ನು ಇವರ ಕೈಗೆ ಕೊಡಲಿಲ್ಲ. ನನ್ನ ಕೈಗೆ ಕೊಟ್ಟು, “ಅಕ್ಕಾ, ನಾಳಿ ಸರ್ ಹೊಂಟಾಗ ಚೀಲದಾಗ ನೀವಽ ಇಡ್ರಿ” ಎಂದಳು. ಇವರು ತಲೆ ಕೆರೆದುಕೊಂಡರು.

ಆ ಸರ್ಟಿಫಿಕೇಟ್ ಬಂದು ಈಗ ಎರಡು ತಿಂಗಳು. ಗುಲ್ಷನ್‌ಬೀ ಮಿಲ್ಲಿನ ಆಫೀಸಿನಲ್ಲಿ ಕೂರುತ್ತಾಳೆ. ನಮ್ಮ ಮನೆಯವರು ಗೇಟಿನ ಕಥೆಯನ್ನು ಹೊಸ ಬ್ಯಾಚಿಗೆ ಈಗಲೂ ಹೇಳುತ್ತಾರೆ. ಆದರೆ ಬಡಿಗೆ ಹಿಡಿದು ಬಂದವರ ಹೊಲದ ಮಾತು ಬಂದಾಗ ನಗುವುದಿಲ್ಲ. ‘ಇಲ್ಲ’ ಅನ್ನುವುದನ್ನು ಇನ್ನೂ ಕಲಿತಿಲ್ಲ. ದಿನವೂ ಐದಕ್ಕೆ ಮುಂಚೆ ಎಲ್ಲರನ್ನೂ ಎಬ್ಬಿಸಿಕೊಂಡು ಹೋಗುತ್ತಾರೆ. ಕರೆದವರು ತಿನ್ನದೆ ಕೂತರೆ ಚೆನ್ನಾಗಿರುವುದಿಲ್ಲವೆಂದು ತಾವೂ ತಿನ್ನುತ್ತಾರೆ. ನಿನ್ನೆ ಇವರ ಎರಡು ಪ್ಯಾಂಟುಗಳ ಸೊಂಟದ ಹೊಲಿಗೆ ಬಿಚ್ಚಿ ಸಡಿಲ ಮಾಡಿದೆ. ಮೂರನೆಯದರಲ್ಲಿ ಬಿಡಲು ಬಟ್ಟೆಯೇ ಇಲ್ಲ.