ಆರನೆಯ ಪುಸ್ತಕ ಬರುವತನಕ

ಕೂತಲ್ಲಿ ಕೂರುವ ಸ್ವಭಾವ ನನ್ನದಲ್ಲ. ಚಿಕ್ಕಂದಿನಿಂದಲೂ ಹೀಗೇ. ಶೇಂಗಾ ಒಡೆಯಲು ಕೂರಿಸಿದರೆ ಒಂದು ಹಿಡಿ ಒಡೆದು, ನೀರು ಕುಡಿಯುವ ನೆಪ ಮಾಡಿ ಏಳುತ್ತಿದ್ದೆ. ತಿರುಗಿ ಬಂದು ಒಡೆದ ಕಾಳಿನಲ್ಲಿ ಅರ್ಧ ಬಾಯಿಗೆ ಹಾಕುತ್ತಿದ್ದೆ. ಇವಳ ಕೈಯಿಂದ ಕೆಲಸವಾಗುವುದು ಅಷ್ಟರಲ್ಲೇ ಇದೆ ಎಂದು ನಮ್ಮ ಓಣಿಯ ಹೆಂಗಸರು ನನ್ನನ್ನು ಓದಲು ಹಚ್ಚಿದರು.

ಶಹಾಪುರದ ಸುತ್ತ ಕಾಲುವೆಯ ನೀರು ಹೊಲಕ್ಕೆ ಬಂದ ಮೇಲೆ ಬೇಸಿಗೆಯಲ್ಲೂ ಶೇಂಗಾ ಹಾಕುವುದು ಶುರುವಾಗಿತ್ತು. ಬಿತ್ತುವ ಕಾಳನ್ನು ಮಶಿನ್ನಿಗೆ ಕೊಡುವಂತಿಲ್ಲ, ಕಾಳು ಒಡೆದರೆ ಹುಟ್ಟುವುದಿಲ್ಲ. ಹಾಗಾಗಿ ಮಧ್ಯಾಹ್ನದ ಊಟ ಮುಗಿಸಿ ಓಣಿಯವರೆಲ್ಲ ನಮ್ಮ ಪಡಸಾಲೆಯಲ್ಲಿ ಸೇರಿ ಕೈಯಲ್ಲೇ ಒಡೆಯುತ್ತಿದ್ದರು. ಓದುವವಳು ಒಡೆಯಬೇಕಾಗಿರಲಿಲ್ಲ. ಏಳುವಾಗ ಪ್ರತಿಯೊಬ್ಬರೂ ತಮ್ಮ ರಾಶಿಯಿಂದ ಒಂದು ಬೊಗಸೆ ತೆಗೆದು ನನ್ನ ಮೊರಕ್ಕೆ ಹಾಕಬೇಕು, ಅದು ಓದಿದವಳ ಪಾಲು. ಅವತ್ತಿನ ಕತೆ ರುಚಿಯಾಗಿದ್ದರೆ ಬೊಗಸೆ ತುಂಬಿ ಬರುತ್ತಿತ್ತು. ಸಪ್ಪೆಯಾಗಿದ್ದರೆ ಅರ್ಧ ಕಾಳು ಬೆರಳ ಸಂದಿಯಿಂದ ಅವರವರ ರಾಶಿಗೇ ವಾಪಸ್ಸು.

ನಾವು ಓದುತ್ತಿದ್ದದ್ದು ಒಂದೇ ಸರಣಿ. ಯಾದಗಿರಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಅಪ್ಪ, ಅಲ್ಲಿನ ಬಾಡಿಗೆ ಪುಸ್ತಕದ ಅಂಗಡಿಯಿಂದ ಒಂದೊಂದಾಗಿ ತರುತ್ತಿದ್ದ. ದೋಣಿ ನಡೆಸುವವನ ಮಗಳೊಬ್ಬಳು, ಹೆಸರು ಹಿಡಿದು ಕರೆದರೆ ನದಿಯೇ ಅವಳಿಗೆ ಓಗೊಡುತ್ತದೆ. ಕಲ್ಲುಕೋಟೆಯ ದೊರೆಮಗ ಅವಳನ್ನು ಮದುವೆಯಾಗುತ್ತಾನೆ. ಒಂದು ದಿನ ಅವಳು ಯಾರಿಗೂ ಹೇಳದೆ ಕುಂಟ ಕುದುರೆಯೊಂದನ್ನು ಹಿಡಿದುಕೊಂಡು ಕೋಟೆ ಬಿಟ್ಟು ಹೊರಟುಬಿಡುತ್ತಾಳೆ. ದಾರಿಯಲ್ಲಿ ನೆರಳು ಕದಿಯುವ ಸೈನಿಕರು, ಮಾತಾಡುವ ಗುಡ್ಡ, ಉಪ್ಪು ಮಾರುವ ಮಂತ್ರದ ಮುದುಕಿ. ಪುಸ್ತಕದಲ್ಲಿ ಅವರೆಲ್ಲ ಪುಸ್ತಕದ ಕನ್ನಡವನ್ನೇ ಆಡುತ್ತಿದ್ದರು. ನಾನು ಓದುವಾಗ ಎಲ್ಲರನ್ನೂ ನಮ್ಮ ಮಾತಿಗೆ ಹಚ್ಚುತ್ತಿದ್ದೆ, ಇಲ್ಲದಿದ್ದರೆ ಈ ಹೆಂಗಸರು ಕೇಳಬೇಕಲ್ಲ! ಪಕ್ಕದ ಮನೆಯ ದೊಡ್ಡವ್ವನಿಗೆ ಉಪ್ಪಿನ ಮುದುಕಿ ಎಂದರೆ ಜೀವ. ಆ ಮುದುಕಿ ಬಂದ ದಿನ ನನಗೆ ದೊಡ್ಡವ್ವನಿಂದ ಎರಡು ಬೊಗಸೆ.

ಐದನೆಯ ಪುಸ್ತಕದ ಕೊನೆಯಲ್ಲಿ ಅವಳು ತಿರುಗಿ ಅದೇ ಕೋಟೆಯ ಬಾಗಿಲ ಮುಂದೆ ಬಂದು ನಿಲ್ಲುತ್ತಾಳೆ. ಬಾಗಿಲು ತೆರೆಯುತ್ತದೆ. ಕತೆ ಅಲ್ಲಿಗೆ ನಿಂತಿತು. ಆರನೆಯ ಪುಸ್ತಕ ಇನ್ನೂ ಬಂದಿರಲಿಲ್ಲ. ಒಳಗೆ ಹೋಗುತ್ತಾಳೋ ಇಲ್ಲವೋ ಎಂದು ಪಡಸಾಲೆಯಲ್ಲಿ ಎರಡು ಪಕ್ಷಗಳಾದವು. ಅಪ್ಪನ ಕಚೇರಿಯಲ್ಲೂ ಅದೇ ಜಗಳವಂತೆ. ಅಪ್ಪ ಹೋಗಿಬರುವ ಬಸ್ಸಿನ ಕಂಡಕ್ಟರ್ ಕೂಡ ಪುಸ್ತಕ ಬಂತೇನ್ರಿ ಎಂದು ಕೇಳಿಯೇ ಟಿಕೇಟು ಹರಿಯುತ್ತಿದ್ದನಂತೆ.

ಆ ಪಡಸಾಲೆಯಲ್ಲಿ ಬಾಯಿ ಬಿಡದೆ ಒಡೆಯುತ್ತಿದ್ದವಳು ನನ್ನ ಅಕ್ಕ ಒಬ್ಬಳೇ. ಗಂಡನ ಮನೆ ಬಿಟ್ಟು ಬಂದು ಕೂತಿದ್ದಳು.

ಭಾವನಿಗೆ ಬೋನಾಳದ ಕಡೆ ಕಾಲುವೆಯ ಗೇಟು ಎತ್ತಿ ಇಳಿಸುವ ಕೆಲಸ. ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ಸರಕಾರಿ ಪಗಾರ, ಇನ್ನೇನು ಬೇಕು ಎಂದು ನಮ್ಮ ಕಾಕಾ ದಿನಕ್ಕೊಮ್ಮೆ ಕೇಳುತ್ತಿದ್ದ. ಅಕ್ಕನ ಬಸಿರು ಇಳಿದುಹೋದದ್ದು ಎಲ್ಲರಿಗೂ ಗೊತ್ತಿತ್ತು. ಅದು ನಮ್ಮ ಹಣೆಬರಹ, ಅವನದೇನು ತಪ್ಪು ಎನ್ನುತ್ತಿದ್ದರು. ನನಗೆ ಮಾತ್ರ ಅಕ್ಕ ಒಮ್ಮೆ ಬಟ್ಟೆ ಒಗೆಯುತ್ತ ಒಗೆಯುತ್ತಲೇ ಹೇಳಿದ್ದಳು. ಅವತ್ತು ಕಾಲುವೆಗೆ ನೀರು ಬಿಡುವ ದಿನ. ರಕ್ತ ಹೋಗುತ್ತಿದ್ದವಳನ್ನು ತನ್ನ ತಾಯಿಗೆ ಒಪ್ಪಿಸಿ ಭಾವ ಸೈಕಲ್ ಹತ್ತಿದ. ಸಂಜೆ ಬಂದ, ಉಂಡ, ಮಲಗಿದ. ಮರುದಿನವೂ ಏನೂ ಕೇಳಲಿಲ್ಲ, ಆ ತಿಂಗಳೂ ಕೇಳಲಿಲ್ಲ. ಡ್ಯೂಟಿಗೆ ಹೋಗಿದ್ದಕ್ಕೆ ತನಗೆ ಸಿಟ್ಟಿಲ್ಲ ಎಂದಳು ಅಕ್ಕ. ಆಮೇಲೆ ಒಂದು ಬಾಯಿಮಾತಿಗೂ ಹೇಗಿದ್ದೀ ಎಂದು ಕೇಳಲಿಲ್ಲವಲ್ಲ, ಆ ಮನೆಯಲ್ಲಿ ಉಸಿರು ಕಟ್ಟಿತು ಎಂದಳು.

ಅವ್ವ ಒಂದು ದಿನ ಶೇಂಗಾ ರಾಶಿಯ ನಡುವೆಯೇ ಅಕ್ಕನ ಬೆನ್ನು ಹತ್ತಿದಳು. ಹೋಗುತ್ತೀಯೋ ಇಲ್ಲವೋ, ಒಂದು ಹೇಳಿಬಿಡು ಎಂದಳು. ಅಕ್ಕ ತಲೆ ಎತ್ತದೆ, "ಪುಸ್ತಕದಾಗ ಆಕಿ ಏನು ಮಾಡ್ತಾಳ ನೋಡೋಣು. ಆಮ್ಯಾಗ ನಂದು ಹೇಳ್ತೀನಿ" ಎಂದಳು.

ತಪ್ಪಿಸಿಕೊಳ್ಳಲು ಆಡಿದ ಮಾತು ಅದು. ಆದರೆ ನಮ್ಮವರು ಹಾಗೆ ಬಿಡುವವರೇ? ಹತ್ತು ಮಂದಿಯ ಎದುರು ಮಾತು ಕೊಟ್ಟಿದ್ದಾಳೆ ಎಂದರು. ದೊಡ್ಡವ್ವ ಸಾಕ್ಷಿಯಾದಳು. ಕಾಕಾ ಅದನ್ನು ಹೊತ್ತುಕೊಂಡು ಬೋನಾಳಕ್ಕೂ ಹೋಗಿಬಂದ. ಒಬ್ಬ ಹೆಣ್ಣುಮಗಳ ಬಾಳನ್ನು ಯಾರೋ ಎಲ್ಲೋ ಕೂತು ಬರೆಯುವ ಪುಸ್ತಕಕ್ಕೆ ಕಟ್ಟಿಹಾಕಿದರಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಓದುವವಳು ನಾನು. ನಾಳೆ ಆ ಪುಸ್ತಕ ಬಂದರೆ ಅದು ನನ್ನ ಬಾಯಿಂದಲೇ ಬರಬೇಕು.

ಪುಸ್ತಕಕ್ಕಿಂತ ಮೊದಲು ಸಿನಿಮಾ ಬಂತು. ಐದೂ ಪುಸ್ತಕ ಸೇರಿಸಿ, ಕೊನೆಯನ್ನು ತಾವೇ ಮಾಡಿಕೊಂಡಿದ್ದಾರೆ ಎಂದು ಸುದ್ದಿ. ಸುರಪುರದ ಟಾಕೀಸಿಗೆ ಬಂದ ವಾರವೇ ಭಾವನಿಂದ ಹೇಳಿಕೆ ಬಂತು, ಓಣಿಯವರನ್ನೆಲ್ಲ ಕರೆದುಕೊಂಡು ಬರ್ರಿ, ಟಿಕೇಟು ನನ್ನದು ಎಂದು. ಕಾಕಾ ಟ್ರ್ಯಾಕ್ಟರ್ ಗೊತ್ತು ಮಾಡಿದ. ಟ್ರಾಲಿಯಲ್ಲಿ ಹುಲ್ಲು ಹಾಸಿ, ಬುತ್ತಿ ಕಟ್ಟಿಕೊಂಡು, ಜಾತ್ರೆಗೆ ಹೋದಂತೆ ಹೋದೆವು. ದಾರಿಯುದ್ದಕ್ಕೂ ದೊಡ್ಡವ್ವ ಉಪ್ಪಿನ ಮುದುಕಿ ಹೇಗಿರಬಹುದು ಎಂಬುದನ್ನೇ ಹೇಳಿದಳು. ಅಕ್ಕ ಟ್ರಾಲಿಯ ಮೂಲೆಯಲ್ಲಿ ಸೆರಗು ಹೊದ್ದು ಕಾಲುವೆಯ ಕಡೆಗೇ ನೋಡುತ್ತಿದ್ದಳು.

ಟಾಕೀಸಿನಲ್ಲಿ ಶಹಾಪುರದ ಕಾಲೇಜು ಹುಡುಗರು, ಸುರಪುರದ ಮಾಸ್ತರರು, ಅಂಗಡಿ ಮುಚ್ಚಿಕೊಂಡು ಬಂದ ಸಾಹುಕಾರರು, ಕಾಲಿಡಲು ಜಾಗವಿಲ್ಲ. ಹೆಚ್ಚಿನವರು ಪುಸ್ತಕ ಓದಿಕೊಂಡು ಬಂದವರೇ. ಮೊದಲ ನೋಟಕ್ಕೇ ಗದ್ದಲ ಎದ್ದಿತು. ಕುದುರೆ ಕುಂಟುತ್ತಿರಲಿಲ್ಲ! ಹಾಲಿನಂಥ ಬಿಳಿ ಕುದುರೆ, ಮೈತುಂಬ ಗೆಜ್ಜೆ. ಹಿಂದಿನಿಂದ ಒಬ್ಬ ಮಾಸ್ತರರು ಎದ್ದುನಿಂತು ಇದು ಮೋಸ ಎಂದರು. ಹುಡುಗಿ ಬಾಯಿ ತೆರೆದಳೋ ಇಲ್ಲವೋ, ನಮ್ಮ ಹೆಂಗಸರು ಮುಖ ಮುಖ ನೋಡಿಕೊಂಡರು. ಸಕ್ಕರೆ ಹಾಕಿದಂಥ ಬೆಂಗಳೂರು ಕನ್ನಡ. ಇವಳು ನಮ್ಮವಳಲ್ಲ, ಬೇರೆ ಯಾರೋ ಎಂದು ದೊಡ್ಡವ್ವ ತೀರ್ಪು ಕೊಟ್ಟಳು. ಅದಕ್ಕೆ ನಾನೇನು ಮಾಡಲಿ, ಐದು ಪುಸ್ತಕದುದ್ದಕ್ಕೂ ಅವಳನ್ನು ನಮ್ಮ ಓಣಿಯವಳನ್ನಾಗಿ ಮಾಡಿದವಳೇ ನಾನು. ಗುಡ್ಡ ಮಾತಾಡಿದಾಗ ಮಾತ್ರ ಎಲ್ಲರೂ ಕೈತಟ್ಟಿದರು, ಅದು ಚೆಂದವೇ ಇತ್ತು. ಇಂಟರ್ವಲ್ಲಿನಲ್ಲಿ ದೊಡ್ಡವ್ವ ಗೇಟಿನವನನ್ನು ತಡೆದು ಉಪ್ಪಿನ ಮುದುಕಿ ಯಾವಾಗ ಬರುತ್ತಾಳೆ ಎಂದು ಕೇಳಿದಳು. ಮುದುಕಿ ಬರಲೇ ಇಲ್ಲ. ಪೂರ್ತಿ ತೆಗೆದುಹಾಕಿದ್ದರು. ದೊಡ್ಡವ್ವ ಪರದೆ ನೋಡುವುದನ್ನು ಬಿಟ್ಟು ಬುತ್ತಿ ಬಿಚ್ಚಿದಳು.

ನನ್ನ ಕಣ್ಣು ಪರದೆಯ ಮೇಲಿರಲಿಲ್ಲ. ಹೆಂಗಸರ ಕಡೆಗೂ ಗಂಡಸರ ಕಡೆಗೂ ನಡುವೆ ಒಂದು ಮೋಟುಗೋಡೆ, ಅದರ ಆಚೆ ಭಾವ ಕೂತಿದ್ದ. ಕೊನೆಗೆ ಕೋಟೆ ಇನ್ನೂ ಕಾಣುವ ಮೊದಲೇ ಅವನು ತಿರುಗಿ ಅಕ್ಕನನ್ನು ನೋಡತೊಡಗಿದ. ನನಗೆ ಥಟ್ಟನೆ ಹೊಳೆಯಿತು, ಇವನು ಈ ಸಿನಿಮಾ ಮೊದಲೇ ನೋಡಿದ್ದಾನೆ. ಆಮೇಲೆ ಬಂತು ಆ ಬಾಗಿಲು. ದೊರೆಮಗ ಮೆಟ್ಟಿಲ ಮೇಲೆ ತೋಳು ಚಾಚಿ ನಿಂತ, ಹಾಡು ಹತ್ತಿತು. ಅವಳು ಓಡಿಹೋಗಿ ಅವನ ಕಾಲ ಮೇಲೆ ಬಿದ್ದಳು.

ಟಾಕೀಸಿನ ತುಂಬ ಸೀಟಿ, ಬೈಗುಳ. ಕಾಲೇಜು ಹುಡುಗರು ಕೈಯಲ್ಲಿದ್ದ ಹಾಡಿನ ಪುಸ್ತಕ ಹರಿದು ಮೇಲೆ ತೂರಿದರು. ನಮ್ಮ ಓಣಿಯಲ್ಲಿ ಅವಳು ಹೋಗಲೇಬೇಕು ಎಂದು ವಾದಿಸಿದವರೇ, ಹೋಗೋದು ಹಿಂಗಲ್ಲ ಎಂದು ಸಿಟ್ಟಾದರು. ಅಷ್ಟು ದೂರ ನಡೆದವಳು ಯಾಕೆ ನಡೆದಳು ಎಂದು ಯಾರೂ ಹೇಳಲೇ ಇಲ್ಲವಲ್ಲ ಎಂದು ಅವ್ವನೂ ಗೊಣಗಿದಳು. ಗೊಣಗಿದ ಮೇಲೆ ಅಕ್ಕನ ನೆನಪಾಗಿ ಬಾಯಿ ಮುಚ್ಚಿಕೊಂಡಳು.

ಹೊರಗೆ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಭಾವ ಟ್ರಾಲಿಯ ಹತ್ತಿರ ಬಂದು ನಿಂತ. "ನೋಡಿದೆಲ್ಲ," ಎಂದ ಅಕ್ಕನಿಗೆ. "ನಡಿ ಮತ್ತ."

ಎಲ್ಲರೂ ಅಕ್ಕನ ಮುಖ ನೋಡಿದರು. ಅವಳು ಸೆರಗು ಸರಿಮಾಡಿಕೊಂಡು, "ಇದು ಸಿನಿಮಾದವ್ರ ಮಾತು. ಪುಸ್ತಕ ಬರ್ಲಿ" ಎಂದು ಟ್ರಾಲಿ ಹತ್ತಿ ಕೂತಳು. ಕಾಕಾನಿಗೆ ಸಿಟ್ಟು ಬಂತು. ಆದರೆ ಆ ಸಿನಿಮಾದ ಪರವಾಗಿ ಮಾತಾಡುವ ಧೈರ್ಯ ಅವತ್ತು ಆ ಟ್ರಾಲಿಯಲ್ಲಿ ಯಾರಿಗೂ ಇರಲಿಲ್ಲ.

ಮಳೆಗಾಲ ಮುಗಿದ ಮೇಲೆ ಆರನೆಯ ಪುಸ್ತಕ ಬಂತು. ನಾನು ಹಟ ಹಿಡಿದು ಅಪ್ಪನ ಜೊತೆ ಯಾದಗಿರಿಗೆ ಹೋದೆ. ಮನೆಗೆ ಬರುವತನಕ ತಡೆಯುವ ಶಕ್ತಿ ನನಗಿರಲಿಲ್ಲ, ವಾಪಸ್ಸು ಬರುವ ಬಸ್ಸಿನಲ್ಲೇ ಬಿಚ್ಚಿದೆ. ಭೀಮಾ ನದಿಯ ಸೇತುವೆ ದಾಟುವಷ್ಟರಲ್ಲಿ ಗೊತ್ತಾಯಿತು. ಪುಸ್ತಕದಲ್ಲೂ ಅವಳು ಒಳಗೆ ಹೋಗುತ್ತಾಳೆ. ಕಿಟಕಿಯಿಂದ ಪುಸ್ತಕ ಎಸೆದುಬಿಡಲೇ ಎನಿಸಿತು. ಪಕ್ಕದಲ್ಲಿ ಅಪ್ಪ ಏನಾಯಿತು ಎಂದು ಕೇಳುತ್ತಿದ್ದ, ಕಂಡಕ್ಟರ್ ಕೂಡ ಕೇಳುತ್ತಿದ್ದ. ಇನ್ನೂ ಅಲ್ಲಿಗೆ ಬಂದಿಲ್ಲ ಎಂದೆ.

ಮರುದಿನ ಪಡಸಾಲೆ ಕಿಕ್ಕಿರಿದಿತ್ತು. ಎಂದೂ ಕೂರದ ಅವ್ವ ಕೂತಿದ್ದಳು. ಕಾಕಾ ಹೊರಗಿನ ಕಟ್ಟೆಯ ಮೇಲೆ ಬೀಡಿ ಹಿಡಿದು, ಕಿವಿ ಒಳಗಿಟ್ಟು ಕೂತಿದ್ದ. ಬಾಗಿಲು ತೆರೆಯುವ ಪುಟಕ್ಕೆ ಬಂದಾಗ ನನ್ನ ದನಿ ನಿಂತಿತು. ಅವಳು ತಿರುಗಿ ಹೊರಟಳು ಎಂದು ಓದಿಬಿಟ್ಟರೆ ಇಲ್ಲಿ ಯಾರಿಗೆ ಗೊತ್ತಾಗುತ್ತದೆ? ಪುಸ್ತಕ ಹಿಡಿದವಳು ನಾನೊಬ್ಬಳೇ. ಅಕ್ಕ ನನ್ನ ಮುಖ ನೋಡಿದಳು.

"ಇದ್ದದ್ದು ಇದ್ದಂಗ ಓದು," ಎಂದಳು.

ಓದಿದೆ. ಬಾಗಿಲು ತೆರೆಯುತ್ತದೆ. ದೊರೆಮಗ ಮೆಟ್ಟಿಲ ಮೇಲೆ ನಿಲ್ಲುವುದಿಲ್ಲ, ಇಳಿದು ಹೊರಗೆ ಬರುತ್ತಾನೆ. ನೀನು ಹೊರಟ ದಿನ ನಿನಗೆ ಏನಾಗಿತ್ತು, ನಾನು ಕೇಳಲೇ ಇಲ್ಲ, ಈಗ ಹೇಳು ಎನ್ನುತ್ತಾನೆ. ಅವಳು ಅಲ್ಲಿಯೇ, ಬಾಗಿಲ ಹೊರಗೆ, ಕುದುರೆಯ ಹಗ್ಗ ಕೈಯಲ್ಲಿ ಹಿಡಿದುಕೊಂಡೇ ಹೇಳುತ್ತಾಳೆ. ಒಂದು ಪೂರ್ತಿ ಅಧ್ಯಾಯ ಅವಳೇ ಹೇಳುತ್ತಾಳೆ, ಅವನು ಕೇಳುತ್ತಾನೆ. ಕೊನೆಗೆ ಇಬ್ಬರೂ ಒಳಗೆ ಹೋಗುತ್ತಾರೆ. ಬಸ್ಸಿನಲ್ಲಿ ನಾನು, ಅವಳು ಒಳಗೆ ಹೋದಳೋ ಇಲ್ಲವೋ ಎಂದಷ್ಟೇ ನೋಡಿದ್ದೆ, ಇದನ್ನು ನೋಡಿರಲಿಲ್ಲ.

ಕಾಕಾ ಹೊಸ್ತಿಲ ತನಕ ಬಂದು, ಹೋದಳಲ್ಲ, ಇನ್ನೇನು ಎಂದ. ಅಕ್ಕ ಕೈಯಲ್ಲಿದ್ದ ಕಾಯನ್ನು ಒಡೆದು ಕಾಳು ರಾಶಿಗೆ ಹಾಕಿದಳು.

"ಸಿನಿಮಾದಾಗ ಇದು ಇರ್ಲಿಲ್ಲ," ಎಂದಳು. "ಅಂವ ಕೇಳಿದ, ಆಕಿ ಹೋದ್ಲು. ಕಾಕಾ, ಅವರಿಗಿ ಹೇಳ್ರಿ. ಬಂದು ಅದೊಂದು ಮಾತು ಕೇಳಿದ್ರ ಸಾಕು."

ಕಾಕಾ ಅವತ್ತೇ ಬೋನಾಳದ ಬಸ್ಸು ಹಿಡಿದ. ತಿರುಗಿ ಬಂದು, ಯಾವ ಮಾತು ಕೇಳಬೇಕು ಎಂಬುದನ್ನು ಮಗ್ಗಿ ಹೇಳಿಕೊಟ್ಟಂತೆ ಹೇಳಿ ಬಂದಿದ್ದೇನೆ ಎಂದ. ಆ ವಾರವೇ ಒಂದು ಮಧ್ಯಾಹ್ನ ಭಾವ ಬಂದ. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು. ಪಡಸಾಲೆಯಲ್ಲಿ ಕೂತು ಚಹಾ ಕುಡಿದ. ಡ್ಯಾಮಿನಲ್ಲಿ ನೀರು ಎಷ್ಟಿದೆ, ಈ ಸಲ ಕೊನೆಯ ಹೊಲಗಳಿಗೆ ಮುಟ್ಟುತ್ತದೋ ಇಲ್ಲವೋ, ಭತ್ತ ಹಾಕಿದವರು ಮೇಲೇ ನೀರು ತಡೆಯುತ್ತಾರೆ ಎಂದೆಲ್ಲ ಕಾಕಾನ ಜೊತೆ ಮಾತಾಡಿದ. ನಡುನಡುವೆ ಒಳಮನೆಯ ಬಾಗಿಲ ಕಡೆ ನೋಡುತ್ತಿದ್ದ, ಕೈಯಲ್ಲಿದ್ದ ಟವೆಲ್ಲನ್ನು ಹಿಂಡುತ್ತಿದ್ದ. ಅವ್ವ ಏನೋ ನೆಪ ಮಾಡಿ ಕಾಕಾನನ್ನು ಹೊರಗೆ ಕರೆದಳು, ಭಾವ ಒಬ್ಬನೇ ಉಳಿದ. ಬಾಗಿಲ ಸಂದಿಯಲ್ಲಿ ನಿಂತಿದ್ದ ನನಗೆ ಅವನನ್ನು ಹಿಂದಿನಿಂದ ನೂಕಿಬಿಡಬೇಕು ಎನಿಸಿತು. ಎದ್ದ. ಒಳಬಾಗಿಲ ತನಕ ಬಂದ. ಅಲ್ಲಿ ನಿಂತು ಗಂಟಲು ಸರಿಮಾಡಿಕೊಂಡ. ಆಮೇಲೆ, ಸಂಜೆಗೆ ಗೇಟು ಇಳಿಸುವುದಿದೆ, ಬರುತ್ತೇನೆ ಎಂದು ಯಾರಿಗೋ ಹೇಳಿದಂತೆ ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಟ್ಟ.

ನಾನು ಬಾಯಿಗೆ ಬಂದದ್ದನ್ನು ಬೈಯುತ್ತ ಒಳಗೆ ನುಗ್ಗಿದೆ. ಅಕ್ಕ ನೆಲದ ಮೇಲೆ ಕೂತಿದ್ದಳು. ತಲೆ ಬಾಚಿ ಹೂ ಮುಡಿದಿದ್ದಳು, ಮದುವೆಯಲ್ಲಿ ಕೊಟ್ಟ ಇಳಕಲ್ ಸೀರೆ ಉಟ್ಟಿದ್ದಳು. ಮುಂದೆ ಅವಳ ಟ್ರಂಕು ಇತ್ತು. ಅದರ ಕೀಲಿ ತೆಗೆದು, ಮಡಿಚಿ ತುಂಬಿದ್ದ ಸೀರೆಗಳನ್ನು ಒಂದೊಂದಾಗಿ ಹೊರಗೆ ತೆಗೆದಿಡುತ್ತಿದ್ದಳು.

"ಅವ್ವಗ ಹೇಳಬ್ಯಾಡ," ಎಂದಳು.