ಹಾರ್ಲನ್‌ನ ಗುಂಡುಗಳು ವಾಪಸು ಬಂದದ್ದು

ಅಮೆರಿಕದ ಮೊಂಟಾನಾದ ನಮ್ಮೂರು ವಿಲೋ ಕ್ರಾಸಿಂಗಿನಲ್ಲಿ ವಾರಪತ್ರಿಕೆಗೆ ಒಂದು ಎರಡನೆಯ ಉಪಯೋಗವಿತ್ತು. ಹಾರ್ಲನ್ ಸ್ಕಾರ್ ಅದಕ್ಕೆ ಗುಂಡು ಹೊಡೆಯುತ್ತಿದ್ದ.

ಟ್ರ್ಯಾಕ್ಟರ್ ರಿಪೇರಿಯಿಂದ ನಿವೃತ್ತನಾದ ಮೇಲೆ ಅವನು ಮನೆಯ ಶೆಡ್ಡಿನಲ್ಲೇ ಬೇಟೆ ಬಂದೂಕಿಗೆ ಗುಂಡು ತಯಾರಿಸತೊಡಗಿದ್ದ. ಸೀಸದ ಮೈಗೆ ತಾಮ್ರದ ಅಂಗಿ, ಬುಡದಲ್ಲಿ ತನ್ನ ಗುರುತಿಗೊಂದು ಗೀರು. ಗುಂಡು ಪ್ರಾಣಿಯ ಒಳಹೊಕ್ಕ ಮೇಲೆ ಹೇಗೆ ನಡೆದುಕೊಳ್ಳುತ್ತದೆಂದು ನೋಡಬೇಕಲ್ಲ? ಹಳೆಯ ಪತ್ರಿಕೆಗಳನ್ನು ತೊಟ್ಟಿಯಲ್ಲಿ ನೆನೆಹಾಕಿ, ಪೆಟ್ಟಿಗೆಗೆ ಬಿಗಿಯಾಗಿ ತುರುಕಿ, ಮಣ್ಣಿನ ದಿಬ್ಬಕ್ಕೆ ಒರಗಿಸಿ ಹೊಡೆಯುತ್ತಿದ್ದ. ಆಮೇಲೆ ಒದ್ದೆ ಕಾಗದವನ್ನು ಪದರ ಪದರವಾಗಿ ಬಿಡಿಸಿ, ಸೂಲಗಿತ್ತಿ ಕೂಸನ್ನು ತೆಗೆದಷ್ಟೇ ಜೋಪಾನವಾಗಿ ಗುಂಡನ್ನು ತೆಗೆದು, ಹೆಂಡತಿ ಮಾರ್ಲಿಸಳ ಅಡುಗೆಮನೆಯ ತಕ್ಕಡಿಯಲ್ಲಿಡುತ್ತಿದ್ದ. ಮೂತಿ ಅಣಬೆಯಂತೆ ಅರಳಿರಬೇಕು, ಮೈ ಚೂರಾಗಿರಬಾರದು. ಅವನ ಗುಂಡು ಪ್ರತಿಸಲವೂ ಹಾಗೇ ಬರುತ್ತಿತ್ತು. ಗುರಿ ಹಿಡಿಯುವುದರಲ್ಲಿ ಗಂಡನಿಗಿಂತ ಒಂದು ಕೈ ಮೇಲಾದ ಮಾರ್ಲಿಸ್, "ಚೆನ್ನಾಗಿದೆ ಕಣ್ರೀ" ಎಂದು ತಕ್ಕಡಿ ತೊಳೆದಿಡುತ್ತಿದ್ದಳು.

ಬೇಟೆಯ ಕಾಲ ಬಂತೆಂದರೆ ಮನೆಮನೆಗೂ ಅವನ ಗುಂಡು ಕೂರಿಸಿದ ಒಂದೊಂದು ಡಬ್ಬಿ ತೋಟಾ, ಪುಕ್ಕಟೆ. ದೂರದ ಗುರಿ ಕಣ್ಣಿಗೆ ಕಾಣದಾದ ಮೇಲೆ ತಾನು ಬೇಟೆ ಹೊಡೆಯುವುದನ್ನು ಬಿಟ್ಟಿದ್ದ ಅವನು ಪ್ರತಿಯಾಗಿ ಕೇಳುತ್ತಿದ್ದುದು ಒಂದೇ: ಪ್ರಾಣಿಯ ಮೈಯಲ್ಲಿ ಸಿಕ್ಕ ಗುಂಡನ್ನು ತಂದುಕೊಡಿ.

ಯಾರೂ ತಂದುಕೊಡಲಿಲ್ಲ. "ಆಚೆ ಕಡೆ ತೂರ್ಕೊಂಡೇ ಹೋಯ್ತು ಹಾರ್ಲನ್! ಎಂಥಾ ಜೋರು ಅಂತೀಯ!" ಎನ್ನುತ್ತಿದ್ದರು. ಹಾರ್ಲನ್ ಉಬ್ಬಿಹೋಗುತ್ತಿದ್ದ.

ಒಂದು ಚಳಿಗಾಲದ ಮೊದಲ ಹಿಮದಲ್ಲಿ ಅವನ ಬೇಟೆಯ ಜೊತೆಗಾರ ಡೆಲ್ಮರ್ ಒಂದು ಎಲ್ಕನ್ನು ಹೊಡೆದ. ಕಡವೆಗೆ ದೊಡ್ಡಪ್ಪನಂಥ ಪ್ರಾಣಿ. ಇಬ್ಬರೂ ಮೊಣಕಾಲೂರಿ ಚರ್ಮ ಸುಲಿಯುತ್ತಿದ್ದಾಗ ಆಚೆ ಪಕ್ಕೆಯ ತೊಗಲಿನಡಿ ಹಾರ್ಲನ್‌ನ ಬೆರಳಿಗೆ ಗಂಟೊಂದು ತಾಗಿತು. ಮಗುವಿನಂತೆ ಕೂಗಿದ: "ಸಿಕ್ತು ಕಣೋ! ಕಡೆಗೂ ಒಂದು ಸಿಕ್ತು!"

ಡೆಲ್ಮರ್ ತಲೆ ಎತ್ತದೆ ಸುಲಿಯುತ್ತಲೇ ಇದ್ದ. ಹಾರ್ಲನ್ ಗುಂಡನ್ನು ಹಿಮದಲ್ಲಿ ಉಜ್ಜಿ ತಿರುಗಿಸಿ ನೋಡಿದ. ಬುಡದಲ್ಲಿ ಗೀರಿಲ್ಲ.

"ಇದು ಅಂಗಡೀದು."

"ಹೂಂ."

"ನಾನು ಕೊಟ್ಟಿದ್ದು?"

"ಮನೇಲಿದೆ." ಡೆಲ್ಮರ್ ಚಾಕುವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದ. "ನೋಡು ಮಾರಾಯ, ಮೊದಲ್ನೇ ವರ್ಷಾನೇ ನಿನ್ನ ಗುಂಡಲ್ಲಿ ಭುಜಕ್ಕೆ ಹೊಡ್ದೆ. ಮೂಳೆಗೆ ತಾಗಿ ಪುಡಿಪುಡಿ ಆಗೋಯ್ತು. ಪ್ರಾಣಿ ಕುಂಟ್ಕೊಂಡು ಕಾಡು ಸೇರ್ತು. ಕತ್ತಲಾಗೋ ತನಕ ರಕ್ತದ ಜಾಡು ಹಿಡಿದೆ. ಸಿಗಲಿಲ್ಲ."

"ನಂಗೆ ಹೇಳಲಿಲ್ಲ."

"ನೊಂದ್ಕೋತೀಯಲ್ಲ ಅಂತ."

"ನೊಂದ್ಕೊಳ್ಳೋದು ನನ್ನ ಕೆಲಸ ಕಣೋ. ಅದನ್ನ ನೀನ್ಯಾಕೆ ವಹಿಸ್ಕೊಂಡೆ? ಕಾಡಲ್ಲಿ ನರಳಿ ಸತ್ತ ಆ ಪ್ರಾಣಿಗೆ ನಾನೇನು ಹೇಳ್ಲಿ?"

ಮಾಂಸ ಹೊತ್ತು ಬೆಟ್ಟ ಇಳಿಯುವಾಗ ಹಾರ್ಲನ್ ಮುಂದೆ ಮುಂದೆಯೇ ನಡೆದ.

ಮರುದಿನ ಹಾರ್ಲನ್ ಕಸಾಯಿ ಅಂಗಡಿಯಿಂದ ದನದ ಭುಜದ ಮೂಳೆ ತಂದ. ಒದ್ದೆ ಕಾಗದದ ಮುಂದೆ ಕಟ್ಟಿ ಹೊಡೆದ. ಪದರ ಬಿಡಿಸಿದರೆ ಅಣಬೆ ಎಲ್ಲಿ ಬಂತು? ಸಾಸಿವೆಯಂಥ ಸೀಸದ ಚೂರು, ಹರಿದ ತಾಮ್ರದ ಚಿಂದಿ. ಇಷ್ಟು ವರ್ಷ ಅವನು ಗುಂಡನ್ನು ಪರೀಕ್ಷೆಗೆ ಕೂರಿಸಿದ್ದು ಎಲುಬೇ ಇಲ್ಲದ ಪ್ರಾಣಿಯ ಎದುರು. ಎಲುಬಿಲ್ಲದ್ದು ಏನು ಬೇಕಾದರೂ ಹೇಳುತ್ತದೆ. ನಾಲಿಗೆಯೂ ಅಷ್ಟೆ, ಕಾಗದವೂ ಅಷ್ಟೆ.

ತನ್ನ ಗುಂಡಿನಿಂದ ಇನ್ನೊಂದು ಜೀವ ನರಳಬಾರದೆಂದು, ಟೋಪಿ ಕೈಯಲ್ಲಿ ಹಿಡಿದು ಮನೆಮನೆಗೆ ಹೊರಟ. ಮೊದಲು ಪಾದ್ರಿ ಐನಾರ್.

"ಪಾದ್ರಿಗಳೇ, ನನ್ನ ತೋಟಾ ಉಳಿದಿದ್ರೆ ಕೊಟ್ಬಿಡಿ. ಅದರಲ್ಲಿ ದೋಷ ಇದೆ."

"ಉಳಿದಿದೆಯಪ್ಪಾ, ಉಳಿದಿದೆ" ಎಂದು ಪಾದ್ರಿ ನೆಲಮಾಳಿಗೆಗೆ ಇಳಿದು, ಧೂಳು ಹಿಡಿದ ಡಬ್ಬಿಗಳನ್ನು ಗಲ್ಲದವರೆಗೆ ಪೇರಿಸಿಕೊಂಡು ಬಂದರು. ಒಂದರದೂ ಮುಚ್ಚಳ ತೆರೆದಿರಲಿಲ್ಲ.

"ಗುಂಡು ತೂರ್ಕೊಂಡು ಹೋಯ್ತು ಅಂದಿದ್ರಲ್ಲ?"

ಪಾದ್ರಿ ಕಿಟಕಿಯಾಚೆ ನೋಡಿದರು. "ಮೂಳೆಗೆ ತಾಗಿದ್ರೆ ಪುಡಿಯಾಗತ್ತೆ ಅಂತ ಡೆಲ್ಮರ್ ಹೇಳಿದ್ದ. ನಿನ್ನ ಮನಸ್ಸು ನೋಯಿಸೋದು ಬೇಡ ಅಂತ..."

ಮುಂದಿನ ಮನೆಯಲ್ಲೂ ಅದೇ. ಅದರ ಮುಂದಿನದರಲ್ಲೂ. ಕ್ಲೀಟಸ್ ಮನೆಯಲ್ಲಿ ಒಂದು ಡಬ್ಬಿ ಕುಂಟು ಮೇಜಿನ ಕಾಲಿಗೆ ಆಸರೆಯಾಗಿತ್ತು. "ಇದನ್ನ ಬಿಟ್ಟೋಗೋ, ಸೂಪು ಚೆಲ್ಲತ್ತೆ" ಎಂದ ಕ್ಲೀಟಸ್. ಒಬ್ಬ ಮುಚ್ಚಿಟ್ಟರೆ ಮೋಸ ಅಂತ ಜಗಳ ಆಡಬಹುದು. ಇಡೀ ಊರೇ ಮುಚ್ಚಿಟ್ಟರೆ ಅದಕ್ಕೆ ಕರುಣೆ ಅಂತಾರೆ, ಜಗಳಕ್ಕೂ ಜಾಗ ಇರುವುದಿಲ್ಲ. ಪಿಕಪ್ ವ್ಯಾನಿನ ಹಿಂಭಾಗ ತುಂಬುತ್ತ ಬಂತು. ಪ್ರಾಣಿಗಳೇನೋ ನರಳುವುದರಿಂದ ಬಚಾವಾಗಿದ್ದವು. ಆ ಸಮಾಧಾನ ಎಷ್ಟು ತಡಕಿದರೂ ಅವನ ಕೈಗೆ ಸಿಗಲಿಲ್ಲ.

ಮನೆಗೆ ಬಂದಾಗ ಮಾರ್ಲಿಸ್ ಒಲೆಯಿಂದ ಆಲೂಗಡ್ಡೆ-ಮಾಂಸದ ಪಾತ್ರೆ ಇಳಿಸುತ್ತಿದ್ದಳು. ಹಾರ್ಲನ್ ಬಾಗಿಲಲ್ಲೇ ನಿಂತ.

"ಮಾರ್ಲಿಸ್, ಹೋದ ವರ್ಷ ನೀನೊಂದು ಜಿಂಕೆ ಹೊಡ್ದೆಯಲ್ಲ. ಬಂದೂಕಲ್ಲಿ ಯಾವ ಗುಂಡಿತ್ತು?"

ಅವಳು ಇತ್ತ ತಿರುಗದೆ ಪಾತ್ರೆಯ ಮುಚ್ಚಳವನ್ನು ಸರಿಪಡಿಸಿದಳು. ಅದು ಸರಿಯಾಗಿಯೇ ಇತ್ತು.

"ಕೈ ತೊಳ್ಕೊಂಡು ಬನ್ರೀ, ಆರಿಹೋಗತ್ತೆ."

ಅವನು ಬಂದು ಕೂತ. ಕೈ ಮಾತ್ರ ತೊಳೆಯಲಿಲ್ಲ.